ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ: ಯುಟಿವಿ ಬೆಲ್ಟ್ ಯಾಕೆ ಸುಡುತ್ತದೆ, ಹೇಗೆ ಕಂಡುಹಿಡಿಯುವುದು

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತದೆ. ಗಾಡಿ ಮಾತ್ರ ತೆವಳುತ್ತದೆ, ಇಲ್ಲಾ ನಿಂತಲ್ಲೇ ನಿಂತಿರುತ್ತದೆ. ಸೀಟಿನ ಹಿಂದಿನಿಂದ ರಬ್ಬರ್ ಸುಟ್ಟ ವಾಸನೆ. ಬೆಂಗಳೂರಿನ ಸುತ್ತ ಯುಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಜನ, ಹೊರೆ ಹೊರುವ ನಾಲ್ಕು ಚಕ್ರದ ಸಣ್ಣ ಗಾಡಿ, ಇಟ್ಟುಕೊಂಡಿರುವ ತೋಟದವರು, ರೆಸಾರ್ಟಿನವರು ನನಗೆ ಫೋನ್ ಮಾಡಿದರೆ ಜಾಸ್ತಿ ಇದೇ ದೂರು. ಕನಕಪುರ ರಸ್ತೆಯಾಗಲಿ, ಮಾಗಡಿ ಕಡೆಯಾಗಲಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟವಾಗಲಿ, ಕೊನೆಗೆ ಕೇಳುವ ಪ್ರಶ್ನೆಯೂ ಒಂದೇ: "ಬೆಲ್ಟ್ ಎಷ್ಟಾಗುತ್ತೆ, ಯಾವಾಗ ಸಿಗುತ್ತೆ?"

ಬೆಲ್ಟ್ ಬದಲಿಸುವುದು ದೊಡ್ಡ ಕೆಲಸವಲ್ಲ. ಆದರೆ ಬೆಲ್ಟ್ ತಾನಾಗೇ ಹಾಳಾಗುವುದು ಅಪರೂಪ. ಬಿಸಿ, ನೀರು, ಹಿಡಿದುಕೊಂಡ ಬ್ರೇಕ್, ತಪ್ಪು ಗೇರು, ಸವೆದ ಪುಲ್ಲಿ, ಇವುಗಳಲ್ಲಿ ಯಾವುದೋ ಒಂದು ಅದನ್ನು ತಿಂದಿರುತ್ತದೆ. ಅದನ್ನು ಹುಡುಕದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಬೆಲ್ಟಿಗೆ ಕೊಡುವ ದುಡ್ಡು ಸಣ್ಣದಲ್ಲ. ಎಷ್ಟೋ ಸಲ ಹೊರಗಿನಿಂದ ತರಿಸಬೇಕು, ಅಲ್ಲಿಯ ತನಕ ಗಾಡಿ ಶೆಡ್ಡಿನಲ್ಲೇ. ಅದಕ್ಕೇ ಬೆಲ್ಟ್ ತರಿಸುವ ಮೊದಲು ಈ ಕೆಳಗಿನದನ್ನೆಲ್ಲ ಒಮ್ಮೆ ನೋಡಿ ಅನ್ನುವುದು ನನ್ನ ಕೋರಿಕೆ.

ಒಳಗೆ ಏನು ನಡೆಯುತ್ತದೆ

ಮನೆಯಲ್ಲಿರುವ ಗೇರಿಲ್ಲದ ಸ್ಕೂಟರ್‌ನ ಎಡಗಡೆ ಕವರ್ ಬಿಚ್ಚಿ ನೋಡಿದವರಿಗೆ ಇದು ಅರ್ಧ ಗೊತ್ತಿರುವ ವಿಷಯ. ಅಲ್ಲೂ ಸಿವಿಟಿ, ಇಲ್ಲೂ ಸಿವಿಟಿ, ಅಂದರೆ ಬೆಲ್ಟ್ ಮತ್ತು ಎರಡು ಪುಲ್ಲಿಗಳಿಂದ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ವ್ಯವಸ್ಥೆ. ಎಂಜಿನ್ ಶಾಫ್ಟಿನ ಮೇಲೆ ಒಂದು ಪುಲ್ಲಿ, ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಗೇರ್‌ಬಾಕ್ಸ್ ಕಡೆ ಇನ್ನೊಂದು, ಅದು ಸೆಕೆಂಡರಿ. ಎರಡರ ಮಧ್ಯೆ ಅಗಲವಾದ ರಬ್ಬರ್ ಬೆಲ್ಟ್, ಒಳಗೆ ಅರಾಮಿಡ್ ನೂಲಿನ ಎಳೆಗಳು. ಎಂಜಿನ್ ವೇಗ ಏರಿದ ಹಾಗೆ ಪ್ರೈಮರಿಯೊಳಗಿನ ತೂಕಗಳು ಹೊರಕ್ಕೆ ಸರಿಯುತ್ತವೆ. ಆಗ ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಹಿಂಡಿ ಹಿಡಿಯುತ್ತವೆ. ಸ್ಕೂಟರಿನಲ್ಲಿ ಹಿಂದುಗಡೆ ಬೇರೆ ಕ್ಲಚ್ ಇರುತ್ತದೆ. ಹೆಚ್ಚಿನ ಯುಟಿವಿಗಳಲ್ಲಿ ಅದಿಲ್ಲ. ಐಡ್ಲಿಂಗ್‌ನಲ್ಲಿ ಪ್ರೈಮರಿ ಬೆಲ್ಟನ್ನು ಬಿಟ್ಟಿರುತ್ತದೆ, ಆಕ್ಸಿಲರೇಟರ್ ಕೊಟ್ಟಾಗ ಹಿಡಿಯುತ್ತದೆ. ಹಿಡಿಯುವ ಆ ಗಳಿಗೆಯಲ್ಲಿ ಸ್ವಲ್ಪ ಜಾರುವುದು ಸಹಜ. ಜಾರಿಕೆ ಅಲ್ಲಿಗೇ ಮುಗಿಯದೆ ಮುಂದುವರಿದರೆ ಬೆಲ್ಟ್ ಸುಡುತ್ತದೆ.

ಎಲ್ಲ ಗಾಡಿಗಳಿಗೂ ಈ ಮಾತು ಹೊಂದುವುದಿಲ್ಲ. ಹೋಂಡಾ ಪಯೋನಿಯರ್ 1000ದಲ್ಲಿ ಬೆಲ್ಟೇ ಇಲ್ಲ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದೆ. ಕುಬೋಟಾದ ಆರ್‌ಟಿವಿ ಎಕ್ಸ್ ಸಾಲಿನ ಡೀಸೆಲ್ ಗಾಡಿಗಳು ಹೈಡ್ರೋಸ್ಟ್ಯಾಟಿಕ್, ಅಂದರೆ ಎಣ್ಣೆಯ ಒತ್ತಡದಿಂದ ಓಡುವಂಥವು. ಯಮಹಾದ ಹಲವು ಮಾದರಿಗಳಲ್ಲಿ ಬೆಲ್ಟ್ ಸದಾ ಬಿಗಿಯಾಗಿರುತ್ತದೆ, ಎಣ್ಣೆಯಲ್ಲಿ ಮುಳುಗಿದ ಬೇರೆ ಕ್ಲಚ್ ಹಿಡಿಯುವ ಕೆಲಸ ಮಾಡುತ್ತದೆ. ನಿಮ್ಮ ಗಾಡಿ ಯಾವ ಜಾತಿಯದು ಅಂತ ಕೈಪಿಡಿಯಲ್ಲಿ ನೋಡಿಕೊಂಡು ಮುಂದೆ ಓದಿ.

ಓಡಿಸಿದವರನ್ನು ಕೇಳಿ

ಪಾನಾ ಹಿಡಿಯುವ ಮೊದಲು ಮಾತಾಡಬೇಕು. ಅದೂ ಮಾಲೀಕರ ಹತ್ತಿರ ಅಲ್ಲ, ಗಾಡಿ ನಿಂತಾಗ ಸ್ಟಿಯರಿಂಗ್ ಹಿಡಿದಿದ್ದವರ ಹತ್ತಿರ. ಮಾಲೀಕರು ವಾರಪೂರ್ತಿ ನಗರದಲ್ಲಿರುತ್ತಾರೆ. ಗೊಬ್ಬರ, ಪೈಪು, ಹುಲ್ಲಿನ ಹೊರೆ ಹೇರಿಕೊಂಡು ಓಡಾಡುವವರು ತೋಟ ನೋಡಿಕೊಳ್ಳುವವರು. ಬೈಗುಳ ಬರಬಹುದು ಅಂತ ಅವರು ಸುಮ್ನೆ ನಿಂತಿರುತ್ತಾರೆ. ಪಕ್ಕಕ್ಕೆ ಕರೆದು ಸಮಾಧಾನವಾಗಿ ಕೇಳಿದರೆ ಎಲ್ಲ ಹೇಳುತ್ತಾರೆ.

"ದಿಬ್ಬ ಹತ್ತಿಸುವಾಗ ಯಾವ ಗೇರಲ್ಲಿದ್ರಿ ಅಣ್ಣ?"

"ಹೈನಲ್ಲೇ ಸಾರ್. ಲೋ ಹಾಕಿದ್ರೆ ತುಂಬ ನಿಧಾನ."

ಅರ್ಧ ಕೇಸು ಇಲ್ಲೇ ಬಗೆಹರಿಯುತ್ತದೆ. ಹೈ ವೇಗಕ್ಕೆ ಇರುವ ಗೇರು, ಲೋ ದಿಬ್ಬಕ್ಕೆ, ಹೊರೆಗೆ ಇರುವ ನಿಧಾನದ ಗೇರು. ಹೈನಲ್ಲಿ ತೆವಳಿಸಿದರೆ ಬೆಲ್ಟ್ ಜಾರಿ ಬಿಸಿಯಾಗುತ್ತದೆ. ಇನ್ನೂ ಕೇಳಬೇಕಾದದ್ದು: ವಾಸನೆ ಮೊದಲು ಬಂತೋ, ಗಾಡಿ ಮೊದಲು ನಿಂತಿತೋ? ಅದಕ್ಕೂ ಮುಂಚೆ ಹಳ್ಳ, ಕೆರೆ ಕೋಡಿ, ನೀರು ನಿಂತ ಹೊಂಡ ದಾಟಿತ್ತಾ? ಹಿಂದೆ ಟ್ರೈಲರ್ ಇತ್ತಾ? ಕೆಸರಲ್ಲಿ ಹೂತಾಗ ಎಷ್ಟು ಹೊತ್ತು ಆಕ್ಸಿಲರೇಟರ್ ಒತ್ತಿ ಹಿಡಿದಿದ್ದರು? ಬೆಳಿಗ್ಗೆ ಚೆನ್ನಾಗಿದ್ದು ಬಿಸಿಯಾದ ಮೇಲೆ ಜಾರಲು ಶುರುವಾಯಿತಾ, ಇಲ್ಲಾ ಸ್ಟಾರ್ಟ್ ಮಾಡಿದ ಕೂಡಲೇ ಹಾಗಿತ್ತಾ? ತಣ್ಣಗಿರುವಾಗಲೇ ಜಾರಿ, ಸ್ವಲ್ಪ ಓಡಿದ ಮೇಲೆ ಸರಿಹೋದರೆ ಒಳಗೆ ನೀರು ಸೇರಿರುವ ಸಾಧ್ಯತೆ ಜಾಸ್ತಿ. ಬಿಸಿಯಾದ ಮೇಲೆ ಜಾರಿದರೆ ಮೊದಲು ಗಾಳಿ ಓಡಾಡುವ ದಾರಿ ನೋಡಬೇಕು, ಆಮೇಲೆ ಪುಲ್ಲಿ.

ನಿಜವಾಗಿಯೂ ಬೆಲ್ಟೇ ಜಾರುತ್ತಿದೆಯಾ?

ಗಾಡಿ ಓಡದಿದ್ದರೆ ಎಲ್ಲರ ಕೈ ಬೆಲ್ಟಿನ ಕಡೆಗೇ ತೋರುತ್ತದೆ. ಬೇರೆ ಕಾರಣಗಳನ್ನು ಮೊದಲು ದಾಟಿಕೊಂಡರೆ ಒಳ್ಳೆಯದು.

ಮೀಟರಿನಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ನೋಡಿ. ಆರ್‌ಪಿಎಂ ಜೋರಾಗಿ ಏರುತ್ತದೆ, ವೇಗ ಏರುವುದಿಲ್ಲ ಅಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಲ್ಲೋ ಜಾರುತ್ತಿದೆ ಅಥವಾ ಮುರಿದಿದೆ. ಆರ್‌ಪಿಎಮ್ಮೇ ಏರುತ್ತಿಲ್ಲ ಅಂದರೆ ಬೆಲ್ಟ್ ಬಿಡಿ, ಎಂಜಿನ್ ಕಡೆ ನೋಡಿ. ಬೇಸಿಗೆಯಲ್ಲಿ ಏರ್ ಫಿಲ್ಟರ್ ಕೆಂಪು ದೂಳಿನಿಂದ ಮುಚ್ಚಿಹೋಗಿರುತ್ತದೆ. ರಾಮನಗರ, ಮಾಗಡಿ ಸುತ್ತ ನೆಲ ಕ್ಲೋಸ್‌ಪೇಟೆ ಗ್ರಾನೈಟಿನದು. ಅಲ್ಲಿನ ದೂಳಿನಲ್ಲಿ ಸಣ್ಣ ಕಲ್ಲಿನ ಹರಳು ಇರುತ್ತದೆ. ಫಿಲ್ಟರ್ ಹರಿದಿದ್ದರೆ ಅದು ನೇರ ಸಿಲಿಂಡರಿಗೆ ಹೋಗಿ ಎಂಜಿನ್ನನ್ನೇ ಸವೆಸುತ್ತದೆ. ಅದು ಬೆಲ್ಟಿಗಿಂತ ದೊಡ್ಡ ಖರ್ಚು.

ಗಾಡಿ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಿದ ಹಾಗೆ ನಿಂತುಬಿಡುತ್ತದೆಯೇ? ಹಲವು ಮಾದರಿಗಳಲ್ಲಿ ಸೀಟ್ ಬೆಲ್ಟ್ ಹಾಕದಿದ್ದರೆ ಕಂಪ್ಯೂಟರ್ ವೇಗವನ್ನು ಅಲ್ಲಿಗೇ ತಡೆಯುತ್ತದೆ. ಸೀಟ್ ಬೆಲ್ಟ್ ಹಾಕಿದ್ದರೂ ಅದರ ಬಕಲ್ ಒಳಗಿನ ಸ್ವಿಚ್ಚಿಗೆ ಮಣ್ಣು ತುಂಬಿದ್ದರೆ ಗಾಡಿಗೆ ಗೊತ್ತಾಗುವುದಿಲ್ಲ. ಬಕಲ್ ತೊಳೆದು, ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿ ಒರೆಸಿ ಹಾಕಿ. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ದೋಷದ ಕೋಡ್ ಓದಿಸಿ. ಎಂಜಿನ್ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಂಡಿರಬಹುದು.

ಎತ್ತರದ ಬಗ್ಗೆ ಕೆಲವರು ಕೇಳುತ್ತಾರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ನಿಜ. ಎಂಜಿನ್ನಿನ ಬಲ ಸ್ವಲ್ಪ ಇಳಿಯುವುದೂ ನಿಜ. ಆದರೆ ಪ್ರೈಮರಿ ತೂಕ ಬದಲಿಸುವಷ್ಟು ಎತ್ತರ ಇದಲ್ಲ. ಅದನ್ನು ಕಾರಣ ಮಾಡಿ ಯಾರಾದರೂ ಕ್ಲಚ್ ಕಿಟ್ ಮಾರಲು ಬಂದರೆ ಬೇಡ ಅನ್ನಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಯಾಕೆಂದರೆ ಅದು ಕೆಲಸವನ್ನು ಎರಡು ಭಾಗ ಮಾಡಿಬಿಡುತ್ತದೆ. ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಜಾಕ್ ಹಾಕಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬೆಲ್ಟ್ ಕವರ್ ತೆಗೆಯಿರಿ. ಗೇರು ಹಾಕಿ, ಸೆಕೆಂಡರಿ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಚಕ್ರಗಳು ಜತೆಗೇ ತಿರುಗಿದರೆ ಗೇರ್‌ಬಾಕ್ಸ್, ಆಕ್ಸಲ್ ಸರಿಯಿವೆ, ದೋಷ ಬೆಲ್ಟ್ ಕಡೆಯೇ ಇದೆ. ಪುಲ್ಲಿ ತಿರುಗಿ ಚಕ್ರ ತಿರುಗದಿದ್ದರೆ ಗೇರ್ ಕೇಬಲ್ ಸಡಿಲವಾಗಿ ಗೇರು ಪೂರ್ತಿ ಕೂತಿಲ್ಲ, ಇಲ್ಲಾ ಆಕ್ಸಲ್ ಜಾಯಿಂಟ್ ಮುರಿದಿದೆ. ರಬ್ಬರ್ ಬೂಟ್ ಹರಿದು ಗ್ರೀಸು ಚೆಲ್ಲಿದ್ದು ಕಂಡರೆ ಅಲ್ಲೇ ಉತ್ತರ ಸಿಕ್ಕಿತು. ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರು ಡಬ್ಬಿ) ಲಾಕ್ ಬಿಟ್ಟಿರುವಾಗ ಒಂದೇ ಆಕ್ಸಲ್ ಮುರಿದರೂ ಸಾಕು, ಗಾಡಿ ಜಾಗ ಬಿಟ್ಟು ಕದಲುವುದಿಲ್ಲ.

ಕವರ್ ತೆಗೆದಿರುವಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ. "ಒಂದ್ ಸಲ ನೋಡೋಣ" ಅಂತಲೂ ಬೇಡ. ಸಾವಿರಾರು ಸುತ್ತು ತಿರುಗುವ ಪುಲ್ಲಿಯಿಂದ ಬೆಲ್ಟ್ ಕಿತ್ತು ಬಂದರೆ, ತಟ್ಟೆಯ ಚೂರು ಸಿಡಿದರೆ, ಪಕ್ಕದಲ್ಲಿ ಬಗ್ಗಿ ನೋಡುತ್ತಿರುವವರ ಮುಖಕ್ಕೇ ಬರುತ್ತದೆ. ಕವರ್ ಇರುವುದು ಬರೀ ದೂಳು ತಡೆಯುವುದಕ್ಕಲ್ಲ.

ಬೆಲ್ಟನ್ನು ಓದುವುದು

ಹಳೆಯ ಬೆಲ್ಟನ್ನು ಗುಜರಿಗೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಏನಾಯಿತು ಅನ್ನುವುದು ಅದರ ಮೈಮೇಲೇ ಇರುತ್ತದೆ. ಈ ಕೆಲಸಕ್ಕೆ ಅವಸರ ಬೇಡ, ನೆರಳಲ್ಲಿ ಕೂತು ಇಡೀ ಸುತ್ತು ಬೆರಳಾಡಿಸಿ.

ಒಂದೇ ಜಾಗದಲ್ಲಿ ಎರಡೂ ಪಕ್ಕ ಕೊರೆದು ಬೆಲ್ಟ್ ತೆಳ್ಳಗಾಗಿದೆಯಾ? ಉಳಿದ ಕಡೆ ಅಗಲ ಸರಿಯಿದ್ದು ಒಂದೆರಡು ಇಂಚು ಜಾಗದಲ್ಲಿ ಮಾತ್ರ ನಡು ಸಣ್ಣಗಾಗಿದೆಯಾ? ಇದು ಗಾಡಿ ಹೂತು ನಿಂತಿರುವಾಗ ಆಕ್ಸಿಲರೇಟರ್ ಒತ್ತಿ ಹಿಡಿದದ್ದರ ಗುರುತು. ಚಕ್ರ ತಿರುಗಲಿಲ್ಲ, ಸೆಕೆಂಡರಿ ನಿಂತೇ ಇತ್ತು, ಪ್ರೈಮರಿ ಮಾತ್ರ ಬೆಲ್ಟಿನ ಅದೇ ಜಾಗವನ್ನು ಉಜ್ಜುತ್ತಾ ತಿರುಗಿತು. ಕೆಲವೇ ಸೆಕೆಂಡು ಸಾಕು. ಹೀಗಾದ ಬೆಲ್ಟ್ ಹಾಕಿಕೊಂಡೇ ಓಡಿಸಿದರೆ ಗಾಡಿ ನಿಧಾನವಾಗಿ ಹೋಗುವಾಗ ಟಕ್, ಟಕ್ ಅಂತ ಒಂದೇ ತಾಳದಲ್ಲಿ ಒದೆಯುತ್ತದೆ. ಇಲ್ಲಿ ಗಾಡಿಯ ದೋಷ ಇಲ್ಲದೆಯೂ ಇರಬಹುದು. ಬ್ರೇಕ್ ಮತ್ತು ಫೋರ್ ವೀಲ್ ಡ್ರೈವ್ ಮಾತ್ರ ಒಮ್ಮೆ ನೋಡಿಬಿಡಿ.

ಪಕ್ಕಗಳು ಇಡೀ ಸುತ್ತು ನುಣುಪಾಗಿ ಹೊಳೆಯುತ್ತಿವೆಯಾ, ಉಗುರಿನಿಂದ ಗೀರಿದರೆ ಗಟ್ಟಿಯಾಗಿ ಜಾರುತ್ತದೆಯಾ? ಬಹಳ ಕಾಲ ಸ್ವಲ್ಪ ಸ್ವಲ್ಪವೇ ಜಾರಿ ಬಿಸಿಯಾಗಿದೆ. ಹೈ ಗೇರಿನಲ್ಲಿ ತೆವಳಿಸುವುದು, ಗಾಳಿಯ ಪೈಪು ಕಟ್ಟಿರುವುದು, ಸೆಕೆಂಡರಿ ಸ್ಪ್ರಿಂಗ್ ಸೋತಿರುವುದು, ಎಣ್ಣೆ ಬಿದ್ದಿರುವುದು, ಇವುಗಳಲ್ಲಿ ಒಂದು. ರಬ್ಬರ್ ಒಮ್ಮೆ ಹೀಗೆ ಗಡುಸಾದರೆ ಮತ್ತೆ ಮೆತ್ತಗಾಗುವುದಿಲ್ಲ. ಎಮರಿ ಪೇಪರ್ ಹಾಕಿ ಉಜ್ಜಿದರೆ ನಾಲ್ಕು ದಿನ ಓಡಬಹುದು, ಅಷ್ಟೇ.

ಒಂದು ಅಂಚಿನಿಂದ ಮಾತ್ರ ನೂಲು ಕಿತ್ತು ಬರುತ್ತಿದ್ದರೆ ಎರಡು ಪುಲ್ಲಿಗಳು ನೇರದಲ್ಲಿಲ್ಲ. ಎಂಜಿನ್ ಮೌಂಟಿನ ರಬ್ಬರ್ ಹರಿದು ಎಂಜಿನ್ ಓರೆಯಾಗಿದ್ದಾಗ ಹೀಗಾಗುತ್ತದೆ. ಸನ್ನೆಕೋಲು ಕೊಟ್ಟು ಎಂಜಿನ್ನನ್ನು ಮೆಲ್ಲಗೆ ಅಲ್ಲಾಡಿಸಿದರೆ ಮೌಂಟ್ ಹೋಗಿರುವುದು ಕಣ್ಣಿಗೇ ಕಾಣುತ್ತದೆ. ಪುಲ್ಲಿಯ ತಟ್ಟೆಯಲ್ಲಿ ಗೀರು, ಚೂಪು ಅಂಚು ಇದ್ದರೂ ನೂಲು ಕೀಳುತ್ತದೆ, ಅದನ್ನೂ ಬೆರಳಿನಿಂದ ಮುಟ್ಟಿ ನೋಡಿ.

ಒಳಗಿನ ಹಲ್ಲುಗಳ ಬುಡದಲ್ಲಿ ಅಡ್ಡ ಬಿರುಕು ಬಿಟ್ಟಿದ್ದರೆ ಅದು ವಯಸ್ಸು, ಜತೆಗೆ ಬಿಸಿ. ಹಲ್ಲುಗಳೇ ಕಿತ್ತು ಹೋಗಿದ್ದರೆ ಏಟು ಬಿದ್ದಿದೆ. ಬಂಡೆಯ ಮೇಲಿಂದ ಹಾರಿ ಇಳಿಯುವಾಗ ಆಕ್ಸಿಲರೇಟರ್ ಬಿಡದಿದ್ದರೆ, ಚಕ್ರ ಜಾರುತ್ತಿದ್ದದ್ದು ಒಮ್ಮೆಲೇ ನೆಲ ಹಿಡಿದರೆ ಈ ಥರ ಆಗುತ್ತದೆ. ಬೆಲ್ಟ್ ಪೂರ್ತಿ ಚಿಂದಿಯಾಗಿದ್ದರೆ ಓದುವುದಕ್ಕೆ ಏನೂ ಉಳಿದಿರುವುದಿಲ್ಲ. ಆಗ ಬೇರೆ ಕೆಲಸ ಇದೆ: ನೂಲಿನ ಎಳೆಗಳು ಪ್ರೈಮರಿಯ ಹಿಂದೆ ಶಾಫ್ಟಿಗೆ ಸುತ್ತಿಕೊಂಡಿರುತ್ತವೆ. ಬಿಟ್ಟರೆ ಕ್ರ್ಯಾಂಕ್ ಶಾಫ್ಟಿನ ಆಯಿಲ್ ಸೀಲನ್ನು ಕುಯ್ಯುತ್ತವೆ. ಗಾಳಿ ಪೈಪಿನ ಒಳಗೂ ಚೂರುಗಳು ಸಿಕ್ಕಿರುತ್ತವೆ. ಟಾರ್ಚ್ ಹಾಕಿ, ಇಕ್ಕಳದಿಂದ ಒಂದೊಂದನ್ನೂ ಕಿತ್ತು ತೆಗೆಯಬೇಕು.

ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಎಷ್ಟಕ್ಕೆ ಬದಲಿಸಬೇಕು ಅನ್ನುವುದು ಪ್ರತಿ ಮಾದರಿಗೂ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಹೊಸ ಬೆಲ್ಟ್ ಹಾಕುವ ದಿನವೇ ಅದರ ಅಗಲ ಅಳೆದು, ತಾರೀಖು ಮತ್ತು ಮೀಟರಿನ ಗಂಟೆ ಸೇರಿಸಿ ಕವರಿನ ಒಳಗಡೆ ಮಾರ್ಕರ್‌ನಿಂದ ಬರೆದಿಡಿ. ಮುಂದೆ ಬಿಚ್ಚುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಗಾಳಿಯ ದಾರಿ

ಬೆಲ್ಟ್ ಮನೆಯೊಳಗೆ, ಅಂದರೆ ಬೆಲ್ಟ್ ಕವರಿನ ಒಳಗಿನ ಜಾಗಕ್ಕೆ, ಗಾಳಿ ಎಳೆದು ಹೊರಗೆ ಬಿಡಲು ಎರಡು ದಪ್ಪ ಪೈಪುಗಳಿವೆ. ತಂಪು ಮಾಡುವ ವ್ಯವಸ್ಥೆ ಅಂತ ಇರುವುದು ಅಷ್ಟೇ. ಒಳಗಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬೆಲ್ಟ್ ಆರಾಮವಾಗಿರುತ್ತದೆ. 100 ದಾಟಿ ಬಹಳ ಹೊತ್ತು ನಿಂತರೆ ಅದರ ಆಯಸ್ಸು ಬೇಗ ಬೇಗ ಕರಗುತ್ತದೆ.

ನಮ್ಮ ಕಡೆ ಈ ಪೈಪು ಕಟ್ಟುವುದಕ್ಕೆ ದೂಳು ಒಂದೇ ಕಾರಣವಲ್ಲ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಇಲಿ ಹುಲ್ಲು, ಚಿಂದಿ ಬಟ್ಟೆ ತುಂಬಿ ಮರಿ ಹಾಕಿರುತ್ತದೆ. ಪಾರ್ಥೇನಿಯಂ ಗಿಡ ಬೆಳೆದ ಜಾಗದಲ್ಲಿ ಓಡಾಡುವ ಗಾಡಿಯಲ್ಲಿ ಅದರ ಹೂವಿನ ಹುಡಿ, ಹುಲ್ಲಿನ ಬೀಜ ಫಿಲ್ಟರಿಗೆ ಮೆತ್ತಿಕೊಂಡಿರುತ್ತದೆ. ಪೈಪಿನ ಕ್ಲ್ಯಾಂಪ್ ಸಡಿಲ ಮಾಡಿ ಪೂರ್ತಿ ಹೊರಗೆ ತೆಗೆದು, ಆ ತುದಿಯಿಂದ ಈ ತುದಿಗೆ ಬೆಳಕು ಕಾಣುತ್ತದಾ ನೋಡಿ. ಸುಮ್ನೆ ಬಾಯಲ್ಲಿ ಊದಿ ನೋಡಿದರೆ ಗೊತ್ತಾಗುವುದಿಲ್ಲ. ಒಳಗೆಳೆಯುವ ಪೈಪಿಗೆ ಫಿಲ್ಟರ್ ಇದ್ದರೆ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ. ಹೊರಗೆ ಬಿಡುವ ಪೈಪಿನ ಬಾಯಿಗೆ ಗೊಬ್ಬರದ ಚೀಲ ಒರಗಿಸಿ ಹೇರುವ ಅಭ್ಯಾಸ ಇದ್ದರೆ ಬಿಡಿಸಿ.

ನೀರು

ಬೆಂಗಳೂರಿನ ಸುತ್ತ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಜೋರು ಮಳೆಯ ಕಾಲ. ತೋಟದ ದಾರಿಯ ಹೊಂಡಗಳು ಎಷ್ಟು ಆಳ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಗಾಳಿ ಪೈಪಿನ ಬಾಯಿಗಿಂತ ಮೇಲೆ ನೀರು ಬಂದರೆ ಅದು ನೇರ ಬೆಲ್ಟ್ ಮನೆಗೆ. ಒದ್ದೆ ಬೆಲ್ಟ್ ಹಿಡಿಯುವುದೇ ಇಲ್ಲ. ಎಂಜಿನ್ ಕೂಗುತ್ತದೆ, ಗಾಡಿ ನಿಲ್ಲುತ್ತದೆ. ವಾಸನೆ ಇನ್ನೂ ಬಂದಿರುವುದಿಲ್ಲ. ಆಗಲೇ ನಿಲ್ಲಿಸಿದರೆ ಬೆಲ್ಟ್ ಉಳಿಯುತ್ತದೆ.

ಗಾಡಿಯನ್ನು ನೀರಿನಿಂದ ಹೊರಗೆ ತನ್ನಿ, ತಳ್ಳಿಯಾದರೂ ಸರಿ. ಕವರಿನ ಕೆಳಗೆ ನೀರು ಬಿಡುವ ಪ್ಲಗ್ ಇರುತ್ತದೆ, ತೆಗೆಯಿರಿ. ನೀರು ಸುರಿದು ನಿಂತ ಮೇಲೆ ಪ್ಲಗ್ ಹಾಕಿ, ನ್ಯೂಟ್ರಲ್‌ನಲ್ಲಿ ಅರ್ಧ ಆಕ್ಸಿಲರೇಟರ್‌ನಷ್ಟು ಕೊಟ್ಟು ಹತ್ತು ಹದಿನೈದು ಸೆಕೆಂಡು ತಿರುಗಿಸಿ, ಬಿಡಿ. ಇದನ್ನೇ ಕೆಲವು ಸಲ ಮಾಡಿ. ಪುಲ್ಲಿಯ ಗಾಳಿಗೇ ಬೆಲ್ಟ್ ಆರುತ್ತದೆ. ಆಮೇಲೆ ಲೋ ಗೇರಿನಲ್ಲಿ ಮೆಲ್ಲಗೆ ಹೊರಡಿ, ಹಿಡಿಯುತ್ತಿದೆಯಾ ನೋಡಿ. ಇನ್ನೂ ಜಾರಿದರೆ ಮತ್ತೆ ತಿರುಗಿಸಿ. ನೀರು ಏರ್ ಫಿಲ್ಟರಿನ ಡಬ್ಬಿಗೂ ಹೋಗಿರುವ ಅನುಮಾನ ಇದ್ದರೆ ಸ್ಟಾರ್ಟೇ ಮಾಡಬೇಡಿ. ಮೊದಲು ಡಬ್ಬಿ ಬಿಚ್ಚಿ ನೋಡಿ.

ಕೆಸರು ನೀರು ಆಗಿದ್ದರೆ ಒಣಗಿದ ಮೇಲೂ ಕವರ್ ಬಿಚ್ಚಲೇಬೇಕು. ನೀರು ಆರುತ್ತದೆ, ಮಣ್ಣು ತಟ್ಟೆಯ ಮೇಲೆ ಉಳಿದು ಅರೆಯುತ್ತದೆ. ಹೋದ ಮಳೆಗಾಲಕ್ಕೆ ಸರಿಯಿದ್ದ ಗಾಡಿ ಈ ಬೇಸಿಗೆಯಲ್ಲಿ ಜಾರಲು ಇದೂ ಒಂದು ಕಾರಣ.

ಹಿಡಿದುಕೊಂಡ ಬ್ರೇಕ್

ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ರಾಮನಗರದ ಕಡೆ ಒಂದು ಮಾವಿನ ತೋಟ. ಒಂದೇ ಹಂಗಾಮಿನಲ್ಲಿ ಬೆಲ್ಟ್ ಮೇಲೆ ಬೆಲ್ಟ್ ಹೋಗುತ್ತಿತ್ತು. ಗಾಳಿ ಪೈಪು ಸ್ವಚ್ಛ. ಪುಲ್ಲಿ ಹೊಸದರಂತೆ ಇತ್ತು. ಓಡಿಸುವವರು ಲೋ ಗೇರು ಬಿಟ್ಟು ಬೇರೆ ಮುಟ್ಟುತ್ತಲೇ ಇರಲಿಲ್ಲ. ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದೆವು. ಹಿಂದಿನ ಬಲ ಚಕ್ರದ ರಿಮ್ಮಿನಿಂದ ಕಾವು ಹೊಡೆಯುತ್ತಿತ್ತು, ಮಿಕ್ಕ ಮೂರು ತಣ್ಣಗಿದ್ದವು. ಚಕ್ರ ಬಿಚ್ಚಿದರೆ ಬ್ರೇಕ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸುತ್ತ ಕೆಮ್ಮಣ್ಣು ಒಣಗಿ ಇಟ್ಟಿಗೆ ಕಟ್ಟಿತ್ತು. ಸ್ಕ್ರೂಡ್ರೈವರ್‌ನಿಂದ ಒತ್ತಿದಾಗ ಅದು ಹೆಪ್ಪು ಹೆಪ್ಪಾಗಿ ಕಳಚಿ ಬಿತ್ತು. ಒಳಗೆ ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಪ್ಯಾಡ್ ಡಿಸ್ಕನ್ನು ಬಿಟ್ಟೇ ಇರಲಿಲ್ಲ. ಡಿಸ್ಕಿನ ಮೇಲೆ ನೀಲಿ ಬಣ್ಣದ ಮಚ್ಚೆ. ಅಂದರೆ ಆ ಗಾಡಿ ಇಡೀ ಹಂಗಾಮು ಬ್ರೇಕ್ ಹಾಕಿಕೊಂಡೇ ಮಾವಿನ ಕ್ರೇಟ್ ಹೊತ್ತಿತ್ತು.

ಪಿನ್ನು ತೆಗೆದು ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸು ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿದ ಮೇಲೆ ಚಕ್ರ ಬೆರಳಲ್ಲಿ ತಿರುಗಿತು. ಆಮೇಲೆ ಹಾಕಿದ ಬೆಲ್ಟ್ ಬಾಳಿತು.

ನೀವೂ ಹೀಗೇ ನೋಡಿ. ಓಡಿಸಿ ಬಂದ ಕೂಡಲೇ ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ ತಳ್ಳಿ, ಸುಲಭವಾಗಿ ಉರುಳುತ್ತದಾ? ಪಾರ್ಕಿಂಗ್ ಬ್ರೇಕ್ ಕೇಬಲ್ ಪೂರ್ತಿ ಬಿಡುತ್ತದಾ? ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಬೆಲ್ಟಿಗೆ ಹೊರೆ. ಕಂಪನಿ ಹಾಕಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಇನ್ನೂ ಹೊರೆ.

ಪುಲ್ಲಿಗಳು

ಕೆಲವು ಕಡೆ ಪ್ರೈಮರಿ ಬಿಚ್ಚಲು ಸುತ್ತಿಗೆ ತೆಗೆದುಕೊಳ್ಳುತ್ತಾರೆ. ಬೇಡ. ಪ್ರೈಮರಿ ಟೇಪರ್ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಆ ಮಾದರಿಗೆ ಹೊಂದುವ ಪುಲ್ಲರ್ ಬೋಲ್ಟ್ ಬೇಕು. ಸಿಗದಿದ್ದರೆ ಪೀಣ್ಯದಲ್ಲಿ ಲೇತ್ ಇಟ್ಟಿರುವವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ, ಆದರೆ ಒಳ್ಳೆಯ ಉಕ್ಕಿನಲ್ಲೇ ಮಾಡಿಸಿ. ಮೆತ್ತನೆಯದು ಒಳಗೇ ಮುರಿದರೆ ಆಮೇಲೆ ಬಹಳ ಕಷ್ಟ.

ಬಿಚ್ಚದೆಯೂ ನೋಡಬಹುದಾದದ್ದು ಎಷ್ಟೋ ಇದೆ. ತಟ್ಟೆಯ ಮೇಲೆ ಬೆರಳಾಡಿಸಿ. ಬೆಲ್ಟ್ ಓಡುವ ಜಾಗದಲ್ಲಿ ಗುಳಿ ಬಿದ್ದು ಉಗುರು ಸಿಕ್ಕಿಕೊಂಡರೆ ತಟ್ಟೆ ಸವೆದಿದೆ, ಹೊಸ ಬೆಲ್ಟ್ ಅಲ್ಲೂ ಜಾರುತ್ತದೆ. ಒಳಗಿನ ರೋಲರ್ ಒಂದು ಕಡೆ ಚಪ್ಪಟೆಯಾಗಿದ್ದರೆ, ಪಿನ್ನು ಸಡಿಲವಾಗಿದ್ದರೆ ಗಾಡಿ ಎದ್ದು ಹೊರಡುವಾಗ ನಡುಗುತ್ತದೆ. ಸೆಕೆಂಡರಿಯ ತಟ್ಟೆಗಳನ್ನು ಕೈಯಿಂದ ತಿರುಚಿ ಬಿಡಿಸಿ, ಬಿಟ್ಟಾಗ ತಡವರಿಸದೆ ಮುಚ್ಚಿಕೊಳ್ಳಬೇಕು. ಸಿಕ್ಕಿಕೊಂಡು ನಿಧಾನವಾಗಿ ಮುಚ್ಚಿದರೆ ಒಳಗೆ ದೂಳು ತುಂಬಿದೆ ಅಥವಾ ಬುಷ್ ಸವೆದಿದೆ.

ತಟ್ಟೆ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಇಲ್ಲಾ ಬ್ರೇಕ್ ಕ್ಲೀನರ್, ಜತೆಗೆ ಪಾತ್ರೆ ಉಜ್ಜುವ ಹಸಿರು ನಾರು. ತುಕ್ಕು ಬಿಡಿಸುವ ಸ್ಪ್ರೇ, ಸಿಲಿಕೋನ್, ಗ್ರೀಸು ಯಾವುದನ್ನೂ ತಟ್ಟೆಯ ಹತ್ತಿರ ತರಬೇಡಿ. ಬೆಲ್ಟನ್ನು ಮಾತ್ರ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ರಾಸಾಯನಿಕ ಹಾಕಬೇಡಿ.

ಒಳಗೆ ಎಣ್ಣೆಯ ಪಸೆ ಕಂಡರೆ ನಿಲ್ಲಿಸಿ. ಪ್ರೈಮರಿ ಕಡೆ ಇದ್ದರೆ ಕ್ರ್ಯಾಂಕ್ ಸೀಲು, ಸೆಕೆಂಡರಿ ಕಡೆ ಇದ್ದರೆ ಗೇರ್‌ಬಾಕ್ಸ್ ಸೀಲು. ಒರೆಸಿ ಬೆಲ್ಟ್ ಹಾಕಿದರೆ ಉಪಯೋಗವಿಲ್ಲ, ಸೀಲು ಬದಲಿಸಲೇಬೇಕು.

ಹೊಸ ಬೆಲ್ಟ್ ಹಾಕುವಾಗ

ಕೈಪಿಡಿಯಲ್ಲಿ ಹೇಳಿದ ಪಾರ್ಟ್ ನಂಬರಿನದ್ದೇ ಇರಲಿ. ಜೆ.ಸಿ. ರಸ್ತೆಯಲ್ಲಿ ಬೇರಿಂಗ್, ಸೀಲು, ಕ್ಲ್ಯಾಂಪ್ ಅಳತೆ ಹೇಳಿದರೆ ಹುಡುಕಿಕೊಡುತ್ತಾರೆ. ಬೆಲ್ಟನ್ನು ಮಾತ್ರ ಉದ್ದ, ಅಗಲ ಹೊಂದಿತು ಅಂತ ಬೇರೆಯದು ಹಾಕಬೇಡಿ. ಅಂಚಿನ ಓರೆ ಕೋನ ಸ್ವಲ್ಪ ಬೇರೆಯಾದರೂ ಜಾರುತ್ತದೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹಾಕಿ, ಬರಹ ಮಾತ್ರ ಇದ್ದರೆ ನಿಮಗೆ ನೇರವಾಗಿ ಓದಲು ಬರುವ ಹಾಗೆ.

ಹಾಕಿದ ಮೇಲೆ ಗೇರು ಹಾಕುವಾಗ ಕರಕರ ಅಂದರೆ, ನ್ಯೂಟ್ರಲ್ ಬಿಟ್ಟ ಕೂಡಲೇ ಗಾಡಿ ತಾನಾಗಿ ತೆವಳಿದರೆ, ಬೆಲ್ಟ್ ತೀರಾ ಬಿಗಿ ಇದೆ ಅಥವಾ ಐಡ್ಲಿಂಗ್ ಜಾಸ್ತಿ ಇದೆ. ಹೊರಡುವಾಗ ತಡವಾಗಿ ಎಗರಿದರೆ ಸಡಿಲ. ಕೆಲವು ಸೆಕೆಂಡರಿಗಳಲ್ಲಿ ಇದನ್ನು ಹೊಂದಿಸುವ ಸ್ಕ್ರೂ ಇರುತ್ತದೆ.

ಮೊದಲ 50 ಕಿ.ಮೀ. ಗಾಡಿಯನ್ನು ಹಗುರವಾಗಿ ಓಡಿಸಿ. ಹೊರೆ ಬೇಡ, ಟ್ರೈಲರ್ ಬೇಡ, ಪೂರ್ತಿ ಆಕ್ಸಿಲರೇಟರ್ ಬೇಡ. ಆಮೇಲೆ ಪಾಲಿಸಬೇಕಾದ ನಿಯಮ ಸುಲಭ: ಗಂಟೆಗೆ 10 ಕಿ.ಮೀ. ಒಳಗೆ ಹೋಗುವ ಕೆಲಸ, ದಿಬ್ಬ, ಕೆಸರು, ಹೊರೆ, ಟ್ರೈಲರ್, ಟೆಂಪೋಗೆ ಹಲಗೆ ಇಟ್ಟು ಹತ್ತಿಸುವುದು, ಇವೆಲ್ಲ ಲೋ ಗೇರು. ಗೇರು ಬದಲಿಸುವಾಗ ಗಾಡಿ ಪೂರ್ತಿ ನಿಂತಿರಬೇಕು. ಹೂತಾಗ ಆಕ್ಸಿಲರೇಟರ್ ಕೊಟ್ಟೂ ಚಕ್ರ ತಿರುಗದಿದ್ದರೆ ತಕ್ಷಣ ಕಾಲು ತೆಗೆದು ಹಗ್ಗವನ್ನೋ ವಿಂಚನ್ನೋ ತನ್ನಿ. ಓಡಿಸುವವರಿಗೆ ಇದನ್ನು ಗಾಡಿಯ ಪಕ್ಕ ನಿಂತು ತೋರಿಸಿ. ಲೋ ಗೇರಿನಲ್ಲಿ ಎಂಜಿನ್ ಸದ್ದು ಜಾಸ್ತಿ ಬರುತ್ತದೆ, ಅದರಿಂದ ಎಂಜಿನ್ ಹಾಳಾಗುತ್ತದೆ ಅಂತ ಬಹಳ ಜನ ಹೆದರಿರುತ್ತಾರೆ. ಹಾಗಾಗುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು.

ಫೋರ್ ವೀಲ್ ಡ್ರೈವ್ ಹಿಡಿಯದಿದ್ದರೆ

ಹೂತಾಗ ಮುಂದಿನ ಚಕ್ರ ಎಳೆಯದಿದ್ದರೆ ಪಾಪ, ಓಡಿಸುವವರು ಇನ್ನಷ್ಟು ಒತ್ತುತ್ತಾರೆ, ಬೆಲ್ಟ್ ಸುಡುತ್ತದೆ. ಹಾಗಾಗಿ ಇದನ್ನೂ ನೋಡಿಯೇ ಗಾಡಿ ಕೊಡಿ. ಸ್ವಿಚ್ ಹಾಕಿದಾಗ ಮೀಟರಿನಲ್ಲಿ ಗುರುತು ಬರುತ್ತದಾ? ಬರದಿದ್ದರೆ ಫ್ಯೂಸು, ಸ್ವಿಚ್ಚು. ಗುರುತು ಬಂದೂ ಎಳೆಯದಿದ್ದರೆ ಮುಂದಿನ ಡಿಫರೆನ್ಷಿಯಲ್‌ಗೆ ಹೋಗುವ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರ್ ಇಟ್ಟು ಕರೆಂಟ್ ಬರುತ್ತಿದೆಯಾ ನೋಡಿ. ಆ ವೈರು ಗಾಡಿಯ ಹೊಟ್ಟೆಯ ಕೆಳಗೇ ಹಾದು ಹೋಗುತ್ತದೆ, ಕಲ್ಲಿಗೆ ಉಜ್ಜಿ ತುಂಡಾಗಿರುವುದು ಸಾಮಾನ್ಯ. ಕರೆಂಟ್ ಬರುತ್ತಿದ್ದರೆ ಡಿಫರೆನ್ಷಿಯಲ್ ಒಳಗಿನ ಕಾಯಿಲಿನ (ತಂತಿಯ ಸುರುಳಿಯ) ಓಮ್ ಅಳೆದು ಕೈಪಿಡಿಯ ಅಂಕಿಯ ಜತೆ ಹೋಲಿಸಿ. ಅದೂ ಸರಿಯಿದ್ದರೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ಹೊರಗೆ ತೆಗೆಯಿರಿ. ಹಾಲಿನ ಬಣ್ಣ ಬಂದಿದ್ದರೆ ನೀರು ಸೇರಿದೆ, ಸೀಲು ಬದಲಿಸಬೇಕು. ಹೊಸದಾಗಿ ತುಂಬುವಾಗ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿ. ಅಂಗಡಿಯಲ್ಲಿ ಸಿಕ್ಕ ದಪ್ಪ ಗೇರ್ ಆಯಿಲ್ ತುಂಬಿದರೆ ಕೆಲವು ಮಾದರಿಗಳಲ್ಲಿ ಒಳಗಿನ ರೋಲರ್‌ಗಳು ಹಿಡಿಯುವುದಿಲ್ಲ, ಎಲ್ಲ ವೈರು ಸರಿಯಿದ್ದೂ ಮುಂದಿನ ಚಕ್ರ ಎಳೆಯುವುದಿಲ್ಲ.